ಹೊಲದ್ದು ಹೇಳಿ, ಮನೆಯದು ಬೇಡ

ಫೆಬ್ರವರಿ ಬಂತೆಂದರೆ ಸೂರಗೊಂಡನಕೊಪ್ಪದ ದಾರಿಯುದ್ದಕ್ಕೂ ಮಾಲಾಧಾರಿಗಳು. ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಹುಟ್ಟಿದ ನೆಲವೆಂದು ಬಂಜಾರರು ನಂಬಿ, ಭಾಯಾಗಡ್ ಎಂದು ಕರೆದು ನಡೆದುಕೊಳ್ಳುವ ಈ ಕ್ಷೇತ್ರಕ್ಕೆ ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರಿನ ತಾಂಡಾಗಳಿಂದ ಮಾತ್ರವಲ್ಲ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣದಿಂದಲೂ ಜನ ಬರುತ್ತಾರೆ. ಒಟ್ಟಿಗೆ ನಡೆದವರು, ಒಂದೇ ಪಂಕ್ತಿಯಲ್ಲಿ ಉಂಡವರು ನಂಬರ್ ಕೊಟ್ಟು ತಗೊಂಡು ವಾಟ್ಸಾಪ್ ಗುಂಪು ಕಟ್ಟುತ್ತಾರೆ. ಜಾತ್ರೆ ಮುಗಿದರೂ ಗುಂಪು ಮುಗಿಯುವುದಿಲ್ಲ. ಕಬ್ಬು ಕಡಿಯಲು, ಕಾಫಿ ತೋಟದ ಕೂಲಿಗೆ ಊರು ಬಿಟ್ಟವರಿಗೆ ಅದೇ ತಾಂಡಾದ ಕಟ್ಟೆ. ಮೆಕ್ಕೆಜೋಳದ ಹುಳಕ್ಕೆ ಮದ್ದು ಕೇಳುವುದು ಅಲ್ಲೇ, ಅವ್ವನ ಸಕ್ಕರೆ ಕಾಯಿಲೆಯ ಚೀಟಿ ಹಾಕುವುದು ಅಲ್ಲೇ, ಹೊಸ ಕಸೂತಿಯ ಫೋಟೊ ತೋರಿಸುವುದೂ ಅಲ್ಲೇ.

ಈ ಗುಂಪುಗಳಿಂದ ಆಗಿರುವ ಉಪಕಾರ ಸಣ್ಣದಲ್ಲ. ರಾತ್ರಿ ಹನ್ನೊಂದಕ್ಕೆ ರಕ್ತ ಬೇಕೆಂದರೆ ನಾಲ್ಕು ಜನ ಹೊರಟು ನಿಂತಿರುತ್ತಾರೆ. ಹಾಗಾಗಿ ಗುಂಪು ಬಿಡಿ ಎಂದು ನಾನು ಹೇಳುವುದಿಲ್ಲ. ನನ್ನ ಸಂಕಟ ಬೇರೆ: ಸಲಹೆ ಕೇಳುವಾಗ ನಾವು ಹೇಳಬೇಕಾದ್ದನ್ನು ಬಿಟ್ಟು, ಹೇಳಬಾರದ್ದನ್ನೇ ಹರವಿಡುತ್ತಿದ್ದೇವೆ. ಇದರ ಹಿಂದೆ ಕೆಲವು ತಪ್ಪು ಕಲ್ಪನೆಗಳು ಬೇರೂರಿವೆ.

ತಪ್ಪು ಕಲ್ಪನೆ: “ಇದು ನಮ್ಮನಮ್ಮವರೇ ಇರೋ ಗುಂಪು.”

ವಾಸ್ತವ: ಒಂದು ವಾಟ್ಸಾಪ್ ಗುಂಪಿನಲ್ಲಿ ಈಗ 1,024 ಜನ ಇರಬಹುದು. ಜಾತ್ರೆಯಲ್ಲಿ ಲಿಂಕ್ ಹಂಚಿ ಕಟ್ಟಿದ ಗುಂಪಿನಲ್ಲಿ ಯಾರ ಸಂಬಂಧ ಯಾರೆಂದು ಅಡ್ಮಿನ್‌ಗೂ ಗೊತ್ತಿರುವುದಿಲ್ಲ. 2020ರ ಫೆಬ್ರವರಿಯಲ್ಲಿ ಇಂಥ ಆಹ್ವಾನದ ಲಿಂಕ್‌ಗಳು ಗೂಗಲ್ ಹುಡುಕಾಟದಲ್ಲೇ ಸಿಗುತ್ತಿದ್ದುದು ಬಯಲಾಗಿ ಲೋಕವೆಲ್ಲ ಸುದ್ದಿಯಾಗಿತ್ತು. ಇನ್ನು ನಂಬರಿನ ಮಾತು. ಕಸೂತಿ ಕಲಿಯಲೆಂದು ಗುಂಪಿಗೆ ಸೇರಿದ ಹುಡುಗಿಯ ನಂಬರ್ ಮುಖ ನೋಡದ ನೂರಾರು ಮಂದಿಗೆ ಕಾಣುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬಂದಾಗ ಮನೆಯವರು ಬೈಯುವುದು ಅವಳನ್ನೇ.

ಒಂದು ಉದಾಹರಣೆ ಕೊಡುತ್ತೇನೆ. ಚನ್ನಗಿರಿ ಸೀಮೆ ಅಡಿಕೆಯ ಸೀಮೆ. ರಾಶಿ ಅಡಿಕೆಯ ರೇಟು ಏರಿದಾಗ ಗುಂಪುಗಳಲ್ಲಿ ಬರುವ ಪ್ರಶ್ನೆ ಇಂಥದ್ದು: “ಮನೇಲಿ ಇಪ್ಪತ್ತು ಕ್ವಿಂಟಾಲ್ ಐತೆ, ಈಗ ಕೊಡ್ಲಾ, ಇನ್ನೊಂದ್ ತಿಂಗ್ಳು ಕಾಯ್ಲಾ ಅಣ್ಣಾ?” ಎರಡು ದಿನ ಬಿಟ್ಟು ಅದೇ ಮನುಷ್ಯ ಅದೇ ಗುಂಪಿಗೆ, ಇಡೀ ಸಂಸಾರ ಜಾತ್ರೆಗೆ ಹೊರಟ ಫೋಟೊ ಹಾಕುತ್ತಾನೆ. ಎರಡೂ ಸಂದೇಶ ಒಟ್ಟಿಗೆ ಓದಿದವನಿಗೆ ಇಪ್ಪತ್ತು ಕ್ವಿಂಟಾಲ್ ಎಲ್ಲಿದೆ, ಕಾಯುವವರು ಇದ್ದಾರೋ ಇಲ್ಲವೋ ಎರಡೂ ತಿಳಿಯಿತು. ರೇಟಿನ ಸಲಹೆಗೆ ಈ ಲೆಕ್ಕ ಬೇಕಿರಲೇ ಇಲ್ಲ. ರಾಶಿಯೋ ಬೆಟ್ಟೆಯೋ, ಎಷ್ಟು ಒಣಗಿದೆ, ಸಾಲದ ಕಂತು ಯಾವಾಗ ಎಂದು ಗೊತ್ತಾದರೆ ಹೇಳುವವರು ಹೇಳಬಹುದಿತ್ತು.

ತಪ್ಪು ಕಲ್ಪನೆ: “ಎನ್‌ಕ್ರಿಪ್ಟ್ ಆಗಿರ್ತದೆ, ಯಾರೂ ಓದೋಕಾಗಲ್ಲ. ಬೇಡ ಅಂದ್ರೆ ಡಿಲೀಟ್ ಮಾಡಿದ್ರಾತು.”

ವಾಸ್ತವ: ವಾಟ್ಸಾಪ್ 2016ರ ಏಪ್ರಿಲ್‌ನಿಂದ ಸಂದೇಶಗಳಿಗೆ ಬೀಗ ಹಾಕಿದ್ದು ನಿಜ. ಆ ಬೀಗ ಇರುವುದು ದಾರಿಗೆ. ನಿಮ್ಮ ಫೋನಿನಿಂದ ಇನ್ನೊಬ್ಬರ ಫೋನಿಗೆ ಹೋಗುವಾಗ ನಡುವೆ ಯಾರೂ ಒಡೆದು ಓದಲಾರರು. ತಲುಪಿದ ಮೇಲೆ ಐನೂರು ಮನೆಗಳಲ್ಲಿ ಲಕೋಟೆ ತೆರೆದೇ ಇರುತ್ತದೆ. ಎಲ್ಲರ ಫೋನಿನಿಂದ ಅಳಿಸುವ ಸೌಲಭ್ಯಕ್ಕೆ ಸುಮಾರು ಎರಡೂವರೆ ದಿನದ ಗಡುವಿದೆ. ಅಷ್ಟರೊಳಗೆ ತೆಗೆದ ಸ್ಕ್ರೀನ್‌ಶಾಟನ್ನು ಅದು ಮುಟ್ಟುವುದಿಲ್ಲ.

ತಪ್ಪು ಕಲ್ಪನೆ: “ಹೆಸರು ಹಾಕಿಲ್ಲವಲ್ಲ, ಯಾರು ಅಂತ ಗೊತ್ತಾಗಲ್ಲ.”

ವಾಸ್ತವ: ಎಲ್ಲಕ್ಕಿಂತ ಹೆಚ್ಚು ಗಾಯ ಮಾಡುವುದು ಈ ನಂಬಿಕೆ. ಅಮೆರಿಕದ ವಿಜ್ಞಾನಿ ಲತಾನ್ಯಾ ಸ್ವೀನಿ 2000ದಲ್ಲಿ ಒಂದು ಲೆಕ್ಕ ತೋರಿಸಿದರು: ಪಿನ್‌ಕೋಡ್‌ನಂಥ ಅಂಚೆ ಸಂಖ್ಯೆ, ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ ಎಂಬ ಮೂರೇ ವಿವರ ಸಿಕ್ಕರೆ ಆ ದೇಶದ ನೂರಕ್ಕೆ 87 ಜನರನ್ನು ಇಂಥವರೇ ಎಂದು ಗುರುತಿಸಬಹುದು. ಅಷ್ಟು ದೊಡ್ಡ ದೇಶದಲ್ಲೇ ಹೀಗಾದರೆ ನೂರು ಮನೆಯ ತಾಂಡಾದ ಗತಿ ಏನು? “ನಮ್ಮ ಕಡೆ ಒಬ್ಬ ಹೆಣ್ಣುಮಗಳು, ಮದುವೆ ಆಗಿ ಆರು ವರ್ಷ, ಶಿವಮೊಗ್ಗಕ್ಕೆ ತೋರಿಸ್ತಿದಾರೆ, ಮಕ್ಕಳಾಗಿಲ್ಲ” ಎಂದು ಬರೆದರೆ ಹೆಸರು ಬೇಕೇ? ಓದುವವರು ಸಾಲು ಮುಗಿಯುವ ಮೊದಲೇ ಆಕೆಯ ಮನೆಬಾಗಿಲಿಗೆ ಹೋಗಿ ನಿಂತಿರುತ್ತಾರೆ. ಬರೆದವರು ಮರೆಯುತ್ತಾರೆ. ಆಕೆ ನೀರಿಗೆ ಹೋದಾಗ, ಮುಯ್ಯಿ ಮಾಡಲು ಹೋದಾಗ, ನಾಲ್ಕು ಜನ ಕೂತಲ್ಲಿ ಅದೇ ಮಾತು ಅವಳ ಬೆನ್ನಿಗೆ ಬರುತ್ತದೆ.

ಬಂಜಾರ ಗುಂಪುಗಳಿಗೆ ಇದರ ಜೊತೆ ಇನ್ನೊಂದು ತೊಡಕಿದೆ. ಬಂಜಾರರ ಮಾತಾದ ಗೋರ್‌ಬೋಲಿಗೆ ತನ್ನದೇ ಲಿಪಿ ಇಲ್ಲ. ಇಲ್ಲಿ ಕನ್ನಡದಲ್ಲಿ ಬರೆದುಕೊಂಡರೆ ಮಹಾರಾಷ್ಟ್ರದವರು ದೇವನಾಗರಿಯಲ್ಲಿ ಬರೆದುಕೊಳ್ಳುತ್ತಾರೆ. ಅಕ್ಷರ ಹೊಂದದ ಕಡೆ ದನಿಯಲ್ಲಿ ಮಾತಾಡಿ ಕಳಿಸುವುದೇ ಸಲೀಸು, ಕಿವಿಗೂ ಹಿತ. ಆದರೆ ದನಿಗಿಂತ ದೊಡ್ಡ ಗುರುತು ಯಾವುದಿದೆ? ಹಿಂದೆ ಅಳುವ ಕೂಸು, ಪಕ್ಕದಲ್ಲಿ ಗದರುವ ಅತ್ತೆ, ಎಲ್ಲವೂ ಅದರೊಳಗೆ ಸೇರಿರುತ್ತದೆ. ಮೈಮನಸ್ಸಿನ ನೋವನ್ನು ದನಿಯಲ್ಲಿ ಹೇಳಲೇಬೇಕಿದ್ದರೆ ಒಬ್ಬರಿಗೆ ಹೇಳಿ, ಗುಂಪಿಗಲ್ಲ.

ಆಸ್ಪತ್ರೆಯ ಚೀಟಿಯೂ ಹೀಗೆಯೇ. ಅದರ ತಲೆಯ ಮೇಲೆ ಹೆಸರು, ವಯಸ್ಸು, ಊರು, ನೋಂದಣಿ ಸಂಖ್ಯೆ, ಎಷ್ಟೋ ಸಲ ಫೋನ್ ನಂಬರ್. ಕೇಳಬೇಕಿದ್ದುದು ಒಂದು ಮಾತ್ರೆಯ ಬಗ್ಗೆ, ತೋರಿಸಿದ್ದು ಒಬ್ಬರ ಇಡೀ ಬದುಕು.

ತಪ್ಪು ಕಲ್ಪನೆ: “ಸರಿಯಾದ ಸಲಹೆ ಬೇಕು ಅಂದ್ರೆ ಎಲ್ಲಾನೂ ಹೇಳ್ಬೇಕು.”

ವಾಸ್ತವ: ಎಲ್ಲವನ್ನೂ ಅಲ್ಲ, ಬೇಕಾದ್ದನ್ನು. ಇಲ್ಲಿ ಸ್ವಲ್ಪ ನಿಲ್ಲೋಣ.

ಮೆಕ್ಕೆಜೋಳಕ್ಕೆ ಬರುವ ಸೈನಿಕ ಹುಳು, ಫಾಲ್ ಆರ್ಮಿವರ್ಮ್, ಭಾರತದಲ್ಲಿ ಮೊದಲು ಕಂಡದ್ದು ನಮ್ಮ ಪಕ್ಕದಲ್ಲೇ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದನ್ನು ಗುರುತಿಸಿದರು. ಹುಳ ಹೊಸದು, ಹಳೆಯ ಕಾಂಡಕೊರಕದ ಮದ್ದು ಇದಕ್ಕೆ ಸಾಲದು. ಅಂದಿನಿಂದ ಇಂದಿನವರೆಗೂ ಗುಂಪುಗಳಲ್ಲಿ ಬರುವುದು ತಿಂದ ಎಲೆಯ ಒಂದು ಫೋಟೊ, ಕೆಳಗೆ “ಯಾವ ಎಣ್ಣೆ ಹೊಡೀಲಿ?” ಎಂಬ ಪ್ರಶ್ನೆ. ಹತ್ತು ನಿಮಿಷದಲ್ಲಿ ಹತ್ತು ಎಣ್ಣೆಯ ಹೆಸರು ಬಂದು ಬೀಳುತ್ತವೆ. ಹೇಳುವವರಿಗೆ ತಿಳಿಯಬೇಕಿದ್ದುದು ಬೇರೆ: ಬಿತ್ತಿ ಎಷ್ಟು ದಿನವಾಯಿತು? ಸುಳಿಯೊಳಗೆ ಹಿಕ್ಕೆ ಕಾಣುತ್ತದೆಯೇ? ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದ ಗೆರೆ, ಬಾಲದ ಬಳಿ ಚೌಕವಾಗಿ ಕೂತ ನಾಲ್ಕು ಚುಕ್ಕೆ ಇವೆಯೇ? ಹುಳು ಎಳೆಯದೋ ಬಲಿತದ್ದೋ? ಎಳೆಯ ಹುಳುವಿಗೆ ಸಿಂಪರಣೆ ನಾಟುತ್ತದೆ. ಬಲಿತು ಸುಳಿಯೊಳಗೆ ಸೇರಿಕೊಂಡಿದ್ದಕ್ಕೆ ಮೇಲಿಂದ ಎಷ್ಟು ಹೊಡೆದರೂ ದುಡ್ಡು ದಂಡ. ಆಗ ಅಕ್ಕಿ ತೌಡು, ಬೆಲ್ಲ ಹುಳಿಯಿಸಿ ಮಾಡುವ ವಿಷಪಾಷಾಣವನ್ನು ಸುಳಿಗೆ ಹಾಕಲು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ಈ ಯಾವ ವಿವರದಲ್ಲೂ ರೈತನ ಹೆಸರಿಲ್ಲ, ಸರ್ವೆ ನಂಬರ್ ಇಲ್ಲ. ಅಷ್ಟಿದ್ದೂ ಗುಂಪಿಗೆ ಪಹಣಿ ಬಂದಿರುತ್ತದೆ, ಆಧಾರ್ ಬಂದಿರುತ್ತದೆ. ಹುಳುವಿನ ತಲೆಯ ಫೋಟೊ ಮಾತ್ರ ಬಂದಿರುವುದಿಲ್ಲ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಮೈಸೂರು ಸೀಮೆಗೆ ಹೊಸದೇನಲ್ಲ. ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ತೋಟಗಳಲ್ಲಿ ಹೊಡೆಸಿ ತೋರಿಸಿದ್ದರು. ಶೇ. 1ರ ದ್ರಾವಣ ಎಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಎರಡನ್ನೂ ಬೇರೆಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಅದ್ದಿದ ಕಬ್ಬಿಣದ ಚಾಕುವಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಮಾಡಿದ ದಿನವೇ ಹೊಡೆದು ಮುಗಿಸಬೇಕು. ಇದೇ ಸಲಹೆ ಐದು ಗುಂಪು ದಾಟಿ ಬರುವ ಹೊತ್ತಿಗೆ ಚಾಕುವಿನ ಪರೀಕ್ಷೆ ಉದುರಿಹೋಗಿರುತ್ತದೆ, ಸುಣ್ಣದ ಅಳತೆ ಮಾಸಿರುತ್ತದೆ. ಸಲಹೆ ಹಂಚುವವರು ಕಾಪಾಡಬೇಕಾದ್ದು ಈ ಅಳತೆಯನ್ನು.

ಮನುಷ್ಯರ ಮದ್ದಿಗೂ ಇದೇ ಲೆಕ್ಕ, ಇನ್ನೂ ಕಟ್ಟುನಿಟ್ಟಾಗಿ. ಸಕ್ಕರೆ ಕಾಯಿಲೆಗೆ ಸಾಮಾನ್ಯವಾಗಿ ಬರೆಯುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಕಿಡ್ನಿ ತೀರಾ ಕುಂದಿದವರಿಗೆ ಕೊಡಬಾರದು. ನಿಮ್ಮ ಅವ್ವನಿಗೆ ಒಗ್ಗಿದ್ದು ಪಕ್ಕದ ಮನೆಯ ಕಾಕಿಗೆ ಒಗ್ಗುತ್ತದೆಂದು ಗುಂಪಿನಲ್ಲಿ ಹೇಳುವ ಹಕ್ಕು ಯಾರಿಗೂ ಇಲ್ಲ. ಯಾವ ಆಹಾರ ಸೇರಿತು, ಆಸ್ಪತ್ರೆಗೆ ಯಾವ ಹೊತ್ತಿಗೆ ಹೋದರೆ ಕಾಯುವುದು ಕಡಿಮೆ, ಸೂಜಿ ಚುಚ್ಚಿಕೊಳ್ಳುವ ಭಯ ಹೇಗೆ ಹೋಯಿತು, ಇಂಥ ಅನುಭವಗಳನ್ನು ಧಾರಾಳ ಹಂಚಿ. ಅದರ ಬೆಲೆ ದೊಡ್ಡದು. ಮಾತ್ರೆಯ ಹೆಸರು, ಪ್ರಮಾಣ ಡಾಕ್ಟರಿಗೆ ಬಿಡಿ.

ತಪ್ಪು ಕಲ್ಪನೆ: “ಹವ್ಯಾಸದ ಗುಂಪಿನಲ್ಲಿ ಗುಟ್ಟು ಏನಿರ್ತದೆ?”

ವಾಸ್ತವ: ಬಂಜಾರರ ಫೇಟಿಯಾ (ಲಂಗ), ಕಾಂಚಳಿ (ಕುಪ್ಪಸ) ತೊಡಿಸಿ ತೆಗೆದ ಮಗಳ ಫೋಟೊದಲ್ಲಿ ಮುಖ ಇದೆ, ಹಿಂದಿನ ಗೋಡೆಯ ಮೇಲೆ ಶಾಲೆಯ ಹೆಸರಿದೆ. ಕಸೂತಿ ತೋರಿಸಲು ಬಟ್ಟೆ ಹಾಸಿ ತೆಗೆದ ಚಿತ್ರ ಸಾಕು. 2023ರಲ್ಲಿ ಹಂಪಿಯ ಜಿ-20 ಸಭೆಯ ವೇಳೆ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನಿಸ್ ದಾಖಲೆ ಸೇರಿದಾಗಲೂ ಲೋಕ ಮೆಚ್ಚಿದ್ದು ಸಂಡೂರಿನ ಹೆಣ್ಣುಮಕ್ಕಳ ಕೈಕೆಲಸವನ್ನು.

ತಪ್ಪು ಕಲ್ಪನೆ: “ಒಳ್ಳೇದಕ್ಕೇ ತಾನೆ ಫಾರ್ವರ್ಡ್ ಮಾಡಿದ್ದು?”

ವಾಸ್ತವ: 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ಸುದ್ದಿ ನಂಬಿದ ಜನ ಹೈದರಾಬಾದಿನ ಒಬ್ಬ ತರುಣನನ್ನು ಹೊಡೆದು ಕೊಂದರು. ಮಕ್ಕಳನ್ನು ಉಳಿಸಬೇಕೆಂದೇ ಆ ಸುದ್ದಿಯನ್ನು ಮುಂದೆ ದಾಟಿಸಿದವರು ಅಲ್ಲಿ ಎಷ್ಟು ಮಂದಿಯೋ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಎಂಬ ಮಿತಿ ಹಾಕುವುದಾಗಿ ಹೇಳಿತು.

ಕಾನೂನು ಕೆಲವು ಗುಟ್ಟುಗಳಿಗೆ ನೇರ ಬೇಲಿ ಹಾಕಿದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದರ ವಿರುದ್ಧ ರಕ್ಷಣೆ ಕೊಡುತ್ತದೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ, “ನ್ಯಾಯ ಸಿಗಲಿ” ಎಂದು ಫೋಟೊ ಹಾಕಿದರೂ ಅಷ್ಟೇ.

ತಪ್ಪು ಕಲ್ಪನೆ: “ಏನಾದ್ರೂ ಆದ್ರೆ ಅಡ್ಮಿನ್ ನೋಡ್ಕೋತಾನೆ.”

ವಾಸ್ತವ: ಸದಸ್ಯರು ಹಾಕಿದ ಸಂದೇಶಕ್ಕೆ ಅಡ್ಮಿನ್ ಆಗಿರುವ ಒಂದೇ ಕಾರಣಕ್ಕೆ ಅವನು ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಹಾಕಿದವರೇ ಹೊಣೆ.

ತಪ್ಪು ಕಲ್ಪನೆ: “ಖಾಸಗಿತನ ಅನ್ನೋದು ಪಟ್ಟಣದ ಓದಿದವರ ಮಾತು.”

ವಾಸ್ತವ: ಆ ಹಕ್ಕನ್ನು ದೇಶಕ್ಕೆ ಗೆದ್ದುಕೊಟ್ಟ ಮೊಕದ್ದಮೆಗೆ ಒಬ್ಬ ಕನ್ನಡಿಗರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ತಾಂಡಾದ ಹೆಣ್ಣುಮಗಳಿಗೂ ಅದು ಅಷ್ಟೇ ಸಲ್ಲುತ್ತದೆ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ, ಎಲ್ಲ ನೋಡಿಕೊಳ್ಳುತ್ತದೆ ಎಂದು ನಿರಾಳವಾಗಬೇಡಿ. ಒಬ್ಬ ವ್ಯಕ್ತಿ ಸ್ವಂತದ, ಮನೆಮಟ್ಟಿನ ಕೆಲಸಕ್ಕೆ ಬಳಸುವ ಮಾಹಿತಿಯನ್ನು ಆ ಕಾಯ್ದೆ ಹೊರಗಿಟ್ಟಿದೆ. ಕಂಪನಿಯನ್ನು ಕೇಳಬಹುದು, ನಿಮ್ಮ ಚೀಟಿಯನ್ನು ಇನ್ನೊಂದು ಗುಂಪಿಗೆ ದಾಟಿಸಿದ ನೆಂಟನನ್ನು ಆ ಕಾಯ್ದೆ ಹಿಡಿದು ಕೇಳುವುದು ಕಷ್ಟ. ಅಲ್ಲಿ ಉಳಿಯುವುದು ನಮ್ಮ ನಮ್ಮ ಮರ್ಯಾದೆ.

ತಪ್ಪು ಕಲ್ಪನೆ: “ಗುಂಪಿಗೆ ಹೇಳ್ಕೊಳ್ದಿದ್ರೆ ಮತ್ಯಾರಿಗೆ ಹೇಳೋದು?”

ವಾಸ್ತವ: ಈ ಪ್ರಶ್ನೆಯ ಹಿಂದಿನ ಒಂಟಿತನ ನನಗೆ ಅರ್ಥವಾಗುತ್ತದೆ. ಸಾಲ, ಕುಡಿತ, ಬದುಕೇ ಸಾಕೆನಿಸುವ ರಾತ್ರಿಗಳನ್ನು ಐನೂರು ಜನರ ಮುಂದೆ ಇಡಬೇಕಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಳೆಯ ಪ್ರಶ್ನೆಗೆ ಕಿಸಾನ್ ಕಾಲ್ ಸೆಂಟರ್ 1800-180-1551 ಇದೆ, ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ. ಆನ್‌ಲೈನ್ ಮೋಸದಲ್ಲಿ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಗುಂಪು ನಡೆಸುವ ಅಣ್ಣತಮ್ಮಂದಿರಲ್ಲಿ, ಅಕ್ಕತಂಗಿಯರಲ್ಲಿ ಒಂದು ಕೋರಿಕೆ. ಈ ನಂಬರ್‌ಗಳನ್ನು ಗುಂಪಿನ ವಿವರಣೆಯಲ್ಲಿ ಹಾಕಿ. ಚೀಟಿ, ಆಧಾರ್, ಪಹಣಿ ಬಂದರೆ ಮೊದಲು ಅಳಿಸಿ, ಆಮೇಲೆ ಹಾಕಿದವರಿಗೆ ಒಂಟಿಯಾಗಿ ಫೋನ್ ಮಾಡಿ ಉತ್ತರ ಕೊಡಿ. ಮುಂದಿನ ಫೆಬ್ರವರಿ 15ಕ್ಕೆ ಹೊಸ ಗುಂಪು ಕಟ್ಟುವಾಗ, ಹಿಂದಿನ ಜಾತ್ರೆಗೆಂದು ಸೇರಿಸಿಕೊಂಡವರನ್ನು ಇರುತ್ತೀರೋ ಹೋಗುತ್ತೀರೋ ಎಂದು ಒಬ್ಬೊಬ್ಬರನ್ನೇ ಕೇಳಿ.