ದುಬೈಯಲ್ಲಿ ಕಟ್ಟಿದ ಬೆಲ್ಟ್ ಊರಲ್ಲಿ ಯಾಕಿಲ್ಲ?

ಉಳ್ಳಾಲ ಕಡೆಯ ಮನೆಯೊಂದರ ಎರಡನೇ ಮಾಳಿಗೆಗೆ ಸಾರಣೆ ಮಾಡುತ್ತಿದ್ದ ಮೇಸ್ತ್ರಿಯೊಬ್ಬರನ್ನು ಮೊನ್ನೆ ಮಾತಾಡಿಸಿದೆವು. ನಿಂತದ್ದು ಅಡಿಕೆ ಮರ ಕಟ್ಟಿದ ಅಟ್ಟಳಿಗೆ ಮೇಲೆ, ಕಾಲಲ್ಲಿ ಹವಾಯಿ ಚಪ್ಪಲಿ. ವರ್ಷಗಟ್ಟಲೆ ದುಬೈಯಲ್ಲಿ ದುಡಿದು ಬಂದವರು. "ಅಲ್ಲಿ ಬೆಲ್ಟ್, ಹೆಲ್ಮೆಟ್ ಇಲ್ಲದಿದ್ರೆ ಕೆಲ್ಸಕ್ಕೆ ಹತ್ಲಿಕ್ಕೇ ಬಿಡುದಿಲ್ಲ. ಇಲ್ಲಿ ಹಾಕಿದ್ರೆ ನಗಾಡ್ತಾರೆ" ಎಂದರು.

ಗಲ್ಫಿನ ಸೈಟುಗಳಲ್ಲಿ ಬೆವರು ಸುರಿಸಿದವರು ನಮ್ಮ ಯಾವ ಜಮಾಅತಿನಲ್ಲಿ ಇಲ್ಲ ಹೇಳಿ? ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ನಡೆಯುವ 'ಟೂಲ್ ಬಾಕ್ಸ್ ಟಾಕ್' ಅವರಿಗೆ ಗೊತ್ತು. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಲ್ಲಿ ದುಡಿಸುವಂತಿಲ್ಲ ಎಂಬುದೂ ಗೊತ್ತು. (ಅಲ್ಲಿ ಎಲ್ಲವೂ ಸರಿ ಇತ್ತೆಂದಲ್ಲ, ಆ ಕಥೆ ಬೇರೆ.) ವಿಮಾನ ಇಳಿದ ಮೇಲೆ ಮಾತ್ರ ಕಲಿತದ್ದೆಲ್ಲ ಪೆಟ್ಟಿಗೆಯೊಳಗೇ ಉಳಿಯುತ್ತದೆ.

ಕಾನೂನು ಇಲ್ಲವೇ? ಇದೆ. ಆದರೆ ಅದನ್ನು ಬರೆದದ್ದು ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆಗೆ. ಒಬ್ಬ ಮೇಸ್ತ್ರಿ, ಇಬ್ಬರು ಹೆಲ್ಪರ್, ಒಬ್ಬ ಟೈಲ್ಸಿನವ ಸೇರಿ ಎಬ್ಬಿಸುವ ನಮ್ಮ ಮನೆಗಳ ಹತ್ತಿರ ಯಾವ ಸೇಫ್ಟಿ ಆಫೀಸರೂ ಸುಳಿಯುವುದಿಲ್ಲ. ಹೇಳಿಕೊಡಬೇಕಾದವರು ನಾವೇ.

ನಮ್ಮೂರಿಗೆ ಬೇಕಾದ ಪಾಠ ದುಬೈಯದ್ದಕ್ಕಿಂತ ಸ್ವಲ್ಪ ಬೇರೆ. ಇಲ್ಲಿ ಮೊದಲ ಶತ್ರು ಮಳೆಗಾಲದ ಮಣ್ಣು. 2024ರ ಜುಲೈಯಲ್ಲಿ ಮಂಗಳೂರಿನ ಬಲ್ಮಠದಲ್ಲಿ ಕಟ್ಟಡದ ಕೆಲಸದ ಜಾಗದಲ್ಲಿ ಮಣ್ಣು ಕುಸಿದು ಇಬ್ಬರು ಸಿಕ್ಕಿಕೊಂಡರು, ಒಬ್ಬರು ಮಾತ್ರ ಬದುಕಿ ಬಂದರು. ಅಗೆದ ಮಣ್ಣನ್ನು ಹೊಂಡದ ಅಂಚಿನಲ್ಲೇ ರಾಶಿ ಹಾಕಿದರೆ ಆ ಭಾರವೇ ಅಂಚನ್ನು ಒಳಕ್ಕೆ ದೂಡುತ್ತದೆ. ಜೋರು ಮಳೆ ಬಂದ ಮರುದಿನ ಬದಿಯಲ್ಲಿ ಬಿರುಕು ಇದೆಯಾ ಎಂದು ನೋಡದೆ ಯಾರೂ ಕೆಳಗಿಳಿಯಬಾರದು.

ಇನ್ನೊಂದು, ಕಣ್ಣಿಗೆ ಕಂಡೂ ಲೆಕ್ಕಕ್ಕೆ ಬಾರದ ಧೂಳು. ಗ್ರಾನೈಟ್, ಟೈಲ್ಸ್ ಒಣಗಿದ್ದಾಗಲೇ ಕತ್ತರಿಸಿದರೆ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ವರ್ಷಗಳ ನಂತರ ಉಸಿರು ಕಟ್ಟಿಸುತ್ತದೆ. ಸಿಲಿಕೋಸಿಸ್ ಬಂದರೆ ಗುಣಪಡಿಸುವ ಮದ್ದಿಲ್ಲ. ಮುಖಕ್ಕೆ ಸುತ್ತಿದ ಟವೆಲ್ ಈ ಧೂಳನ್ನು ತಡೆಯುವುದಿಲ್ಲ. ಕಟ್ಟರಿನ ಬ್ಲೇಡಿಗೆ ನೀರು ಬಿಡುತ್ತಾ ಕತ್ತರಿಸಬೇಕು, ಒಳ್ಳೆಯ ಮಾಸ್ಕ್ ಕಟ್ಟಬೇಕು.

ಪಳ್ಳಿ ಹಾಲಿನಲ್ಲಿ ಜುಮಾ ಮುಗಿದ ಮೇಲೆ ಒಂದು ತಾಸು ಸಾಕು. ಹೊರಗಿನ ಭಾಷಣಗಾರರು ಬೇಡ, ಬೆಲ್ಟ್ ಕಟ್ಟಿ ಅಭ್ಯಾಸವಿರುವ ನಮ್ಮದೇ ಗಲ್ಫ್ ಕಾಕಂದಿರು ತೋರಿಸಲಿ. ಅದೇ ದಿನ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಯನ್ನೂ ಮಾಡಿಸಬಹುದು. 18ರಿಂದ 60 ವರ್ಷದೊಳಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿರಬೇಕು.

ಮನೆ ಕಟ್ಟಿಸುವವರಲ್ಲೂ ಒಂದು ಮಾತು. ಬಾಗಿಲಿನ ಕೆತ್ತನೆಗೆ ಕೊಡುವ ದುಡ್ಡಿನಲ್ಲಿ ಎಷ್ಟು ಬೆಲ್ಟ್ ಬರುತ್ತದೆ, ಸ್ವಲ್ಪ ಕೇಳಿ ನೋಡಿ. ಆ ಮೇಸ್ತ್ರಿಯ ಬೆಲ್ಟ್ ಇನ್ನೂ ಮನೆಯ ಅಟ್ಟದಲ್ಲಿದೆಯಂತೆ. "ಯಜಮಾನ್ರು ಒಂದು ಮಾತು ಹೇಳಿದ್ರೆ ನಾಳೆಯೇ ತರ್ತೇನೆ" ಎಂದರು.