ಡಬ್ಬಿಯಿಂದ ಚೀಟಿಗೆ: ಆಬ್ಜೆಕ್ಟ್ ಮತ್ತು ರೆಫರೆನ್ಸ್ ವೇರಿಯಬಲ್ ಬೋಧನೆ

‘ವೇರಿಯಬಲ್ ಎಂದರೆ ಬೆಲೆಯನ್ನು ಇಡುವ ಡಬ್ಬಿ.’ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಗಳಲ್ಲಿ ಈ ವಾಕ್ಯವನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಜಾವಾ ಭಾಷೆಯ ಇಂಟ್, ಚಾರ್, ಬೂಲಿಯನ್ ಮುಂತಾದ 8 ಮೂಲ ದತ್ತಾಂಶ ಪ್ರಕಾರಗಳಿಗೆ ಅದು ಹೊಂದುತ್ತದೆ. ಆಬ್ಜೆಕ್ಟ್ ಪಾಠಕ್ಕೂ ಅದೇ ಡಬ್ಬಿಯನ್ನು ಪೂರ್ವಜ್ಞಾನವಾಗಿ ಬಳಸಿದಾಗ ತೊಡಕು ಶುರುವಾಗುತ್ತದೆ.

ಕಪ್ಪುಹಲಗೆಯ ಮೇಲೆ ಈ ನಾಲ್ಕು ಸಾಲು ಬರೆಯಿರಿ:

ವಿದ್ಯಾರ್ಥಿ ಅ = ನ್ಯೂ ವಿದ್ಯಾರ್ಥಿ();
ಅ.ಅಂಕ = 50;
ವಿದ್ಯಾರ್ಥಿ ಬ = ಅ;
ಬ.ಅಂಕ = 80;

ಈಗ ‘ಅ.ಅಂಕ’ ಎಷ್ಟು? ಡಬ್ಬಿಯ ಚಿತ್ರವನ್ನು ನಂಬಿದವರು 50 ಎನ್ನುತ್ತಾರೆ. ಸರಿಯುತ್ತರ 80.

ಕಾರಣವನ್ನು ನಾನು ಹೀಗೆ ವಿವರಿಸುತ್ತೇನೆ. ‘ನ್ಯೂ’ ಎಂದಾಗ ಮೆಮೊರಿಯಲ್ಲಿ ಒಂದು ಮನೆ ಕಟ್ಟಿದಂತೆ, ಅದೇ ಆಬ್ಜೆಕ್ಟ್. ‘ಅ’ ಎಂಬುದು ಮನೆಯಲ್ಲ, ಆ ಮನೆಯ ವಿಳಾಸ ಬರೆದ ಚೀಟಿ. ಅದೇ ರೆಫರೆನ್ಸ್ ವೇರಿಯಬಲ್. ಮೂರನೆಯ ಸಾಲಿನಲ್ಲಿ ಎರಡನೆಯ ಮನೆ ಏಳಲಿಲ್ಲ, ಚೀಟಿಯ ನಕಲು ಮಾತ್ರ ಆಯಿತು. ‘ಬ’ ಚೀಟಿ ಹಿಡಿದು ಹೋಗಿ ಗೋಡೆಗೆ ಬಣ್ಣ ಬಳಿದರೆ, ‘ಅ’ ಚೀಟಿ ಹಿಡಿದು ಬಂದವರಿಗೂ ಅದೇ ಬಣ್ಣ ಕಾಣುತ್ತದೆ. ಇಲ್ಲಿ ‘ನ್ಯೂ’ ಎಷ್ಟು ಬಾರಿ ಬಂದಿದೆ ಎಂದು ಎಣಿಸಲು ಹೇಳಿ. ಒಂದೇ ಬಾರಿ, ಆದ್ದರಿಂದ ಮನೆಯೂ ಒಂದೇ.

ಈ ಒಂದು ಚಿತ್ರ ಮುಂದಿನ ಪಾಠಗಳಿಗೂ ನೆರವಾಗುತ್ತದೆ. ‘==’ ಎಂಬುದು ಎರಡು ಚೀಟಿಗಳು ಒಂದೇ ಮನೆಯನ್ನು ತೋರಿಸುತ್ತವೆಯೇ ಎಂದು ಕೇಳುತ್ತದೆ; ಒಂದೇ ಬಗೆಯ ಎರಡು ಮನೆಗಳಿದ್ದರೂ ಉತ್ತರ ‘ಇಲ್ಲ’. ‘ನಲ್’ ಎಂದರೆ ಖಾಲಿ ಚೀಟಿ. ಅದನ್ನು ಹಿಡಿದು ಬಾಗಿಲು ತಟ್ಟಲು ಹೊರಟರೆ ನಲ್ ಪಾಯಿಂಟರ್ ಎಕ್ಸೆಪ್ಷನ್. ಮೆಥಡ್‌ಗೆ ಆಬ್ಜೆಕ್ಟ್ ಕಳುಹಿಸಿದೆವು ಎನ್ನುವಾಗಲೂ ಹೋಗುವುದು ಚೀಟಿಯ ನಕಲೇ. ಮೆಥಡ್ ಮನೆಯೊಳಗೆ ಮಾಡಿದ ಬದಲಾವಣೆ ಹೊರಗೂ ಕಾಣುತ್ತದೆ. ತನ್ನ ನಕಲಿನ ಮೇಲೆ ಬೇರೆ ವಿಳಾಸ ಬರೆದುಕೊಂಡರೆ ನಮ್ಮ ಚೀಟಿ ಹಾಗೆಯೇ ಇರುತ್ತದೆ.

ಹೋಲಿಕೆಗೂ ಮಿತಿಯಿದೆ, ಅದನ್ನು ತರಗತಿಯಲ್ಲೇ ಹೇಳಬೇಕು. ವಿಳಾಸದ ಚೀಟಿ ಕಳೆದರೂ ನಿಜವಾದ ಮನೆ ನಿಂತೇ ಇರುತ್ತದೆ. ಜಾವಾದಲ್ಲಿ ಯಾವ ರೆಫರೆನ್ಸ್ ಮೂಲಕವೂ ತಲುಪಲಾಗದ ಆಬ್ಜೆಕ್ಟನ್ನು ಗಾರ್ಬೇಜ್ ಕಲೆಕ್ಟರ್ ತೆರವುಗೊಳಿಸಬಹುದು.

ಮೌಲ್ಯಮಾಪನದ ಬಗ್ಗೆ ಒಂದು ಮಾತು. ‘ಆಬ್ಜೆಕ್ಟ್ ಎಂದರೇನು?’ ಎಂಬ ಪ್ರಶ್ನೆಗೆ ಬಾಯಿಪಾಠದಿಂದಲೇ ಪೂರ್ಣ ಅಂಕ ಸಿಗುತ್ತದೆ. ಡಬ್ಬಿಯ ಕಲ್ಪನೆ ಒಳಗೇ ಉಳಿಯುತ್ತದೆ. ಅದರ ಬದಲು ನಾಲ್ಕು ಸಾಲು ಕೊಟ್ಟು, ಪ್ರತಿ ಸಾಲಿನ ನಂತರ ಮನೆ, ಚೀಟಿ ಮತ್ತು ಬಾಣಗಳ ಚಿತ್ರ ಬರೆಸಿ, ಉತ್ತರವನ್ನು ಮೊದಲೇ ಊಹಿಸಲು ಹೇಳಿ. ಪ್ರೋಗ್ರಾಮ್ ಓಡಿಸುವುದು ಆಮೇಲೆ. ಮಗು ಎಳೆದ ಬಾಣ ಎಲ್ಲಿಗೆ ಹೋಗಿದೆ ಎಂದು ನೋಡಿದರೆ, ಯಾವ ಸಾಲಿನಿಂದ ಮತ್ತೆ ಕಲಿಸಬೇಕು ಎಂಬುದು ತಿಳಿಯುತ್ತದೆ.