ಮನೆಯಲ್ಲೇ ಕಲಿಯುವ ಮಗುವಿನ ಮೌಲ್ಯಮಾಪನ

ಶ್ರೀನಿವಾಸಪುರ ತಾಲ್ಲೂಕಿನ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ನನ್ನನ್ನು ಆಗಾಗ ಕೇಳುವ ಪ್ರಶ್ನೆಯೊಂದಿದೆ: ಹಾಜರಿ ಪುಸ್ತಕದಲ್ಲಿ ಹೆಸರಿದ್ದು, ತೀವ್ರ ಅಂಗವೈಕಲ್ಯದಿಂದಾಗಿ ಮನೆಯಲ್ಲೇ ಕಲಿಯುತ್ತಿರುವ ಮಗುವಿಗೆ ಪರೀಕ್ಷೆ ಮಾಡುವುದು ಹೇಗೆ?

ಇದಕ್ಕೆ ಕಾನೂನಿನ ಆಧಾರವನ್ನು ಮೊದಲು ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯಂತೆ, ಬಹುವಿಕಲತೆ ಅಥವಾ ತೀವ್ರ ವಿಕಲತೆ ಇರುವ ಮಗು ಗೃಹಾಧಾರಿತ ಶಿಕ್ಷಣವನ್ನು ಆಯ್ದುಕೊಳ್ಳಬಹುದು. ಆಯ್ಕೆ ಮಗುವಿನದು, ಶಾಲೆಯದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಕಲಂ ಪಠ್ಯಕ್ರಮವನ್ನೂ ಪರೀಕ್ಷಾ ಪದ್ಧತಿಯನ್ನೂ ಇಂಥ ಮಕ್ಕಳಿಗೆ ತಕ್ಕಂತೆ ಮಾರ್ಪಡಿಸಲು ಹೇಳುತ್ತದೆ. ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವುಗಳನ್ನು ಅದು ಹೆಸರಿಸಿದೆ.

ಆದ್ದರಿಂದ ತರಗತಿಯ ಪ್ರಶ್ನೆಪತ್ರಿಕೆಯನ್ನೇ ಮನೆಗೆ ಒಯ್ದು ಸೊನ್ನೆ ಹಾಕುವುದು ತಪ್ಪು. ಮಗುವನ್ನು ನೋಡದೆಯೇ ಉತ್ತೀರ್ಣ ಎಂದು ಬರೆಯುವುದೂ ತಪ್ಪು. ಎರಡನೆಯದು ಕರುಣೆಯಂತೆ ಕಂಡರೂ ಹೆಚ್ಚು ಹಾನಿ ಮಾಡುತ್ತದೆ. ಕಾಗದದ ಮೇಲೆ ತರಗತಿ ಏರುತ್ತಾ ಹೋಗುತ್ತದೆ. ಎಂಟನೇ ತರಗತಿ ಮುಗಿಯುವ ಹೊತ್ತಿಗೆ ಮಗುವಿಗೆ ಏನು ಬರುತ್ತದೆಂದು ಯಾರೂ ಹೇಳಲಾರರು.

ನಾನು ಸೂಚಿಸುವ ಕ್ರಮ ಹೀಗಿದೆ:

1. ವರ್ಷದ ಆರಂಭದಲ್ಲಿ ಮಗು ಈಗ ಏನು ಮಾಡಬಲ್ಲದು ಎಂಬುದನ್ನು ಬರೆದಿಡಿ.

2. ವಿಶೇಷ ಸಂಪನ್ಮೂಲ ಶಿಕ್ಷಕರು ಹಾಗೂ ಪೋಷಕರೊಂದಿಗೆ ಕುಳಿತು ವೈಯಕ್ತಿಕ ಶೈಕ್ಷಣಿಕ ಯೋಜನೆಯಲ್ಲಿ ಮೂರು ನಾಲ್ಕು ಗುರಿಗಳನ್ನು ನಿಗದಿಪಡಿಸಿ. ‘ಸಂಖ್ಯಾಜ್ಞಾನ ಬೆಳೆಸುವುದು’ ಎಂದು ಬರೆದರೆ ಅಳೆಯಲಾಗದು. ‘ಬುಟ್ಟಿಯಿಂದ ಐದು ಮಾವಿನಕಾಯಿ ಎಣಿಸಿ ಕೊಡುವುದು’ ಎಂದರೆ ಅಳೆಯಬಹುದು. ಕೈಯಾಡಿಸಲಾಗದ ಮಗು ಐದು ಕಾಯಿಗಳ ಗುಂಪನ್ನು ಕಣ್ಣಲ್ಲೇ ತೋರಿಸಿದರೂ ಉತ್ತರ ಸರಿಯೇ.

3. ಪ್ರತಿ ಗುರಿಯ ಮುಂದೆ ‘ಸ್ವತಃ’, ‘ಸುಳಿವು ಕೊಟ್ಟಾಗ’, ‘ಕೈಹಿಡಿದು ಮಾಡಿಸಿದಾಗ’ ಎಂಬ ಮೂರರಲ್ಲಿ ಒಂದನ್ನು ದಿನಾಂಕದೊಂದಿಗೆ ದಾಖಲಿಸಿ.

4. ಮನೆಮಾತಿನಲ್ಲಿ ಕೇಳಿ. ನಮ್ಮ ಗಡಿಭಾಗದಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ‘ಎಷ್ಟು?’ ಎಂದಾಗ ಸುಮ್ಮನಿದ್ದ ಮಗು, ತಾಯಿ ತೆಲುಗಿನಲ್ಲಿ ‘ಎನ್ನಿ?’ ಎಂದಾಗ ಉತ್ತರಿಸಬಹುದು. ಆಗ ಕೊರತೆ ಇದ್ದದ್ದು ನಮ್ಮ ಪ್ರಶ್ನೆಯಲ್ಲಿ.

ಈ ದಾಖಲೆಯ ಉಪಯೋಗ ಎಂಟನೇ ತರಗತಿಗೇ ಮುಗಿಯುವುದಿಲ್ಲ. ಹದಿನಾಲ್ಕು ವರ್ಷ ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೇ ತರಗತಿಗೆ ನೋಂದಾಯಿಸಿ, ಐದು ವರ್ಷಗಳ ಅವಧಿಯಲ್ಲಿ ವಿಷಯಗಳನ್ನು ಒಂದೊಂದಾಗಿ ಮುಗಿಸಬಹುದು. ಎಲ್ಲ ಮಕ್ಕಳೂ ಅಲ್ಲಿಗೆ ತಲುಪಲಾರರು. ತಲುಪಬಲ್ಲ ಮಗು ಯಾವುದು, ಅದಕ್ಕೆ ಯಾವ ನೆರವು ಬೇಕು ಎಂಬುದನ್ನು ಮುಂದಿನ ಶಿಕ್ಷಕರಿಗೆ ತಿಳಿಸುವುದು ನಾವು ಇಂದು ಬರೆದಿಟ್ಟ ಪುಟಗಳೇ.